ಕಚೇರಿ ಖೋಲಿಯ ಅಕ್ಕಿ

ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಅಕ್ಕಿ ಇಡುವ ಜಾಗ ಎರಡಿದ್ದವು. ಒಂದು ಎಲ್ಲರ ಮನೆಯಂತೆ ಅಡುಗೆಮನೆಯ ಮೂಲೆಯ ತಗಡಿನ ಡಬ್ಬಿ. ಇನ್ನೊಂದು ಹೊರಗಿನ ಕಚೇರಿ ಖೋಲಿಯಲ್ಲಿ, ಅಪ್ಪನ ಕಾನೂನು ಪುಸ್ತಕಗಳ ಕಪಾಟಿನ ತೀರ ಕೆಳಗಿನ ಸಾಲಿನಲ್ಲಿ. ಅಲ್ಲಿ ಅಕ್ಕಿಯ ಜೊತೆಗೆ ಹಸಿರು ಅಂಚಿನ ಕುಪ್ಪಸದ ಖಣಗಳ ಗಂಟು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕುಂಕುಮದ ಭರಣಿ ಇರುತ್ತಿದ್ದವು. ಮೇಲಿನ ಸಾಲಿನ ಪುಸ್ತಕಗಳಿಗೆ ಧೂಳು ಹಿಡಿಯುತ್ತಿತ್ತು, ಕೆಳಗಿನ ಸಾಲಿಗೆ ಎಂದೂ ಹಿಡಿಯಲಿಲ್ಲ. ನಾನೂ ವಕೀಲಿ ಮಾಡುತ್ತ ಮುದುಕಿಯಾಗುತ್ತ ಬಂದಿದ್ದೇನೆ, ಹಾವೇರಿಯಲ್ಲಿ ಎಷ್ಟೋ ಹಿರಿಯರ ಕಚೇರಿಗಳನ್ನು ಕಂಡಿದ್ದೇನೆ. ಅಕ್ಕಿ ಇಟ್ಟುಕೊಂಡು ಕುಳಿತ ಇನ್ನೊಬ್ಬ ವಕೀಲರನ್ನು ಮಾತ್ರ ಕಾಣಲಿಲ್ಲ. ನನ್ನ ಕಿರಿಯ ವಕೀಲರು "ಮೇಡಂ, ನಿಮ್ಮ ತಂದೆಯವರ ಬಗ್ಗೆ ಹೇಳ್ರಿ, ದೊಡ್ಡ ಹೆಸರಿತ್ತಂತಲ್ಲ" ಎಂದು ಕೇಳಿದಾಗಲೆಲ್ಲ ನನಗೆ ಆ ಅಕ್ಕಿ ನೆನಪಾಗುತ್ತದೆ, ಮೈ ಉರಿಯುತ್ತದೆ.

ಅಪ್ಪನ ಹೆಸರು ನಿಂತಿದ್ದೇ ಹಕ್ಕು ಬಿಟ್ಟ ಪತ್ರಗಳ ಮೇಲೆ. ಮನೆಯ ಹಿರಿಯ ಸತ್ತರೆ ಹೊಲದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಬರುತ್ತದೆ ಎಂದು ಕಾನೂನು ಆಗಲೇ ಹೇಳುತ್ತಿತ್ತು. ಅಣ್ಣತಮ್ಮಂದಿರಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳು. ಅವರು ಅಕ್ಕತಂಗಿಯರನ್ನು ಗಂಡನ ಮನೆಯಿಂದ ಕರೆಸಿ, ಚಕ್ಕಡಿಯಲ್ಲೋ ಬಸ್ಸಿನಲ್ಲೋ ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದರು. ಬೇರೆ ವಕೀಲರಾದರೆ ಪತ್ರ ಬರೆದು, ಹೆಬ್ಬೆಟ್ಟು ಒತ್ತಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅಪ್ಪ ಹಾಗಲ್ಲ. ಪತ್ರಕ್ಕೆ ಹೆಬ್ಬೆಟ್ಟು ಬಿದ್ದ ಕೂಡಲೇ ಅಲ್ಲೇ ಜಮಖಾನೆಯ ಮೇಲೆ ಆ ಹೆಣ್ಣುಮಗಳಿಗೆ ಉಡಿ ತುಂಬಿಸುತ್ತಿದ್ದರು. ತವರಿನ ದೇವರ ಮುಂದೆ ಆಗುವ ಶಾಸ್ತ್ರ ವಕೀಲರ ಮೇಜಿನ ಮುಂದೆ ಆಗುತ್ತಿತ್ತು. ನನ್ನ ಅವ್ವ ಒಳಗಿನಿಂದ ಬಂದು, ಗುರುತು ಪರಿಚಯವಿಲ್ಲದ ಆ ಹೆಂಗಸಿನ ಸೆರಗಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ, ಖಣ ಹಾಕುತ್ತಿದ್ದಳು. ಆಮೇಲೆ ಆ ಹೆಂಗಸು ಎರಡೂ ಕೈಯಲ್ಲಿ ತುಂಬಿದ ಉಡಿ ಹಿಡಿದುಕೊಂಡೇ ರಿಜಿಸ್ಟ್ರಿ ಕಚೇರಿಯತನಕ ನಡೆಯುತ್ತಿದ್ದಳು. ಅಲ್ಲಿ ಖುಷಿಯಿಂದ ಬರೆದುಕೊಟ್ಟೀರೇನು ಎಂದು ಕೇಳಿದರೆ, ಉಡಿ ಹಿಡಿದ ಯಾವ ಹೆಣ್ಣು ಇಲ್ಲ ಎಂದಾಳು? ಅಪ್ಪ ಇದನ್ನು ತಮ್ಮ ದೊಡ್ಡ ಬುದ್ಧಿವಂತಿಕೆ ಎಂದು ತಿಳಿದಿದ್ದರು, ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

"ಉಡಿ ತುಂಬಿಸ್ಕೊಂಡ ಹೆಣ್ಮಗಳು ತವರಿನ ಮ್ಯಾಲ ಕೋರ್ಟಿಗೆ ಹೋಗಂಗಿಲ್ರಿ. ಬರದಿಟ್ಕೋರ್ರಿ. ನನ್ನ ಕೈಯಾಗ ಆದ ಪತ್ರ ಒಂದೂ ತಿರುಗಿ ಬಂದಿಲ್ಲ."

ಈ ಏರ್ಪಾಟಿನಲ್ಲಿ ನನ್ನದೂ ಒಂದು ಕೆಲಸವಿತ್ತು. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮುಂಚೆ ಪತ್ರವನ್ನು ಅವರಿಗೆ ಓದಿ ಹೇಳಬೇಕು. ಮೊದಮೊದಲು ಅಪ್ಪನ ಕಾರಕೂನರು ಓದುತ್ತಿದ್ದರು. ಕರಿ ಟೊಪ್ಪಿಗೆಯ ಗಂಡಸು ದೊಡ್ಡ ದನಿಯಲ್ಲಿ ಓದತೊಡಗಿದರೆ ಹೆಂಗಸರು ಅಂಜಿ, ಏನೋ ಮೋಸ ಇದೆ ಎಂದು ಅಣ್ಣನ ಮುಖ ನೋಡುತ್ತಿದ್ದರು. ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದ ನನ್ನನ್ನು ಒಂದು ದಿನ ಅಪ್ಪ ಕರೆದು ಕೈಗೆ ಕಾಗದ ಕೊಟ್ಟರು. ಎರಡು ಜಡೆಯ ಹುಡುಗಿ ಪಾಠ ಓದುವ ದನಿಯಲ್ಲಿ ಓದಿದಳು. ಎದುರು ಕುಳಿತ ಹೆಂಗಸು ಕಾಗದದಲ್ಲಿ ಏನಿದೆ ಎಂಬುದನ್ನು ಮರೆತು, ಎಷ್ಟು ಶ್ಯಾಣ್ಯಾ ಕೂಸು ಎಂದು ನನ್ನ ಗದ್ದ ಹಿಡಿದಳು. ಅಂದಿನಿಂದ ಓದುವುದು ನನ್ನ ಪಾಲಿಗೆ ಬಂತು. ಅಪ್ಪ ನನಗೆ ಓದುವುದನ್ನು ಬೇರೆಯಾಗಿಯೇ ಕಲಿಸಿದರು. "ತವರು ಮನೆಯ ಮೇಲಿನ ಪ್ರೀತಿ ವಿಶ್ವಾಸದಿಂದ" ಎಂಬ ಸಾಲಿಗೆ ಪೆನ್ಸಿಲಿನಿಂದ ಒಂದು ಗೆರೆ, ಅದರ ಮುಂದಿನ ಸಾಲುಗಳಿಗೆ ಎರಡು ಗೆರೆ.

"ಒಂದ ಗೆರಿ ಇದ್ದಲ್ಲೆ ಸಾವಕಾಶ ಓದು. ಅವರ ಕಣ್ಣಾಗ ನೀರು ಬರಬೇಕು. ಎರಡು ಗೆರಿ ಬಂತಂದ್ರ ಪಟಾಪಟಾ ಓದ್ಕೋತ ಹೋಗು. ಆದ್ರ ಒಂದಕ್ಷರ ಬಿಡಬ್ಯಾಡ. ಬಿಟ್ರ ಅದು ಮೋಸ ಆಕ್ಕೈತಿ."

ಅಕ್ಷರ ಬಿಟ್ಟರೆ ಮೋಸ, ಅರ್ಥ ಬಿಟ್ಟರೆ ಜಾಣತನ. ಎರಡು ಗೆರೆಯ ಸಾಲುಗಳಲ್ಲಿ ಏನಿರುತ್ತಿತ್ತು ಎಂಬುದು ನನಗೆ ಬಾಯಿಪಾಠವಾಗಿತ್ತು. ಸದರಿ ಜಮೀನಿನಲ್ಲಿ ಇನ್ನು ಮುಂದೆ ನನಗಾಗಲಿ, ನನ್ನ ಮಕ್ಕಳಿಗಾಗಲಿ, ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಸಂಬಂಧ ಇರುವುದಿಲ್ಲ. ಒಮ್ಮೆ ಊಟಕ್ಕೆ ಕುಳಿತಾಗ ಅಪ್ಪನನ್ನು ಹಾಗೆಂದರೇನು ಎಂದು ಕೇಳಿದ್ದೆ. ಅಪ್ಪ ರೊಟ್ಟಿ ಮುರಿಯುತ್ತ, ಹೊಲ ಇನ್ನು ಅಣ್ಣತಮ್ಮಂದಿರದು, ಅಕ್ಕತಂಗಿಯರದಲ್ಲ, ಅವರಿಗೆ ಗಂಡನ ಮನೆ ಇದೆಯಲ್ಲ ಎಂದು ಸರಳವಾಗಿ ತಿಳಿಸಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಗೊತ್ತಿತ್ತು. ಚೆನ್ನಾಗಿ ಓದಿದ ದಿನ ಅಪ್ಪ ಸ್ನಾನಕ್ಕೆ ಹೋದಾಗ ಅವರ ಬೆತ್ತದ ಕೈಕುರ್ಚಿಯಲ್ಲಿ ನಾನು ಕುಳಿತುಕೊಳ್ಳಬಹುದಾಗಿತ್ತು. ಮನೆಯಲ್ಲಿ ಅವ್ವನೂ ಒಮ್ಮೆಯೂ ಕೂರದ ಕುರ್ಚಿ ಅದು. ಒಗ್ಗರಣೆ ಮಂಡಕ್ಕಿಯ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ನೆಲಕ್ಕೆ ಎಟುಕದೆ, ನಾನು ಅಲ್ಲಿ ಕೂತು ಮೆರೆಯುತ್ತಿದ್ದೆ.

ಅಪ್ಪನಿಗೆ ಒಬ್ಬಳೇ ತಂಗಿ, ನೀಲವ್ವ. ನನಗೆ ನೀಲತ್ತೆ. ಅಪ್ಪ ಧಾರವಾಡದಲ್ಲಿ ರೂಮು ಹಿಡಿದು ಕಾನೂನು ಓದುತ್ತಿದ್ದಾಗ ಅವಳು ಮೋಟೆಬೆನ್ನೂರಿನ ನಮ್ಮ ಎಂಟೆಕರೆ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ಒಂದೇ ಮನೆಯ ಎರಡು ಮಕ್ಕಳು. ಒಬ್ಬನಿಗೆ ಅಕ್ಷರ, ಒಬ್ಬಳಿಗೆ ಕಸ ಕೀಳುವ ಕುರ್ಚಿಗಿ. ಅವಳನ್ನು ಬ್ಯಾಡಗಿಗೆ ಕೊಟ್ಟಿದ್ದರು. ಗಂಡ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು ಮೆಣಸಿನಕಾಯಿ ಚೀಲದ ಸಮೇತ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ನೀಲತ್ತೆ ಬೆಳಗಿನಿಂದ ಸಂಜೆಯವರೆಗೆ ವ್ಯಾಪಾರಸ್ಥರ ತಗಡಿನ ಶೆಡ್ಡಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವಳು ನಮ್ಮ ಮನೆಗೆ ಬಂದರೆ ಮೊದಲು ಘಾಟು ಬರುತ್ತಿತ್ತು, ಆಮೇಲೆ ಅವಳು. ಎಷ್ಟು ತೊಳೆದರೂ ಬೆರಳಿನ ಖಾರ ಹೋಗುತ್ತಿರಲಿಲ್ಲ. ನನ್ನ ಕೆನ್ನೆ ಉರಿದೀತೆಂದು ಅವಳು ಯಾವಾಗಲೂ ಮುಂಗೈಯಿಂದಲೇ ಮುಟ್ಟುತ್ತಿದ್ದಳು. ಹೊಲದಲ್ಲಿ ಒಂದು ತುಂಡು ತನ್ನ ಹೆಸರಿಗೆ ಬಂದರೆ ಖಾರದ ಶೆಡ್ಡು ಬಿಟ್ಟು ಮೋಟೆಬೆನ್ನೂರಿಗೇ ಬಂದು ಬದುಕುತ್ತೇನೆ ಎನ್ನುವುದು ಅವಳ ಆಸೆ. ಅವ್ವನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಳು.

ಅಜ್ಜ ತೀರಿಕೊಂಡ ಮೇಲೆ ಆಗಿನ ಕಾನೂನಿನ ಲೆಕ್ಕದ ಪ್ರಕಾರ ಅಜ್ಜನ ಪಾಲಿನ ನಾಲ್ಕೆಕರೆಯಲ್ಲಿ ಅರ್ಧ, ಎರಡೆಕರೆ, ಅವಳಿಗೆ ಬರಬೇಕಿತ್ತು. ಅಪ್ಪ ಊಟಕ್ಕೆ ಕೂತಾಗ, ಬರುವ ಸೋಮವಾರ ನೀಲವ್ವನನ್ನು ಕರೆಸುತ್ತೇನೆ, ಉಡಿಯ ತಯಾರಿ ಇಟ್ಟುಕೋ ಎಂದರು. ಬಡಿಸುತ್ತಿದ್ದ ಅವ್ವ ಎಣಗಾಯಿಯ ಪಾತ್ರೆಯನ್ನು ದಡಕ್ಕನೆ ನೆಲಕ್ಕಿಟ್ಟಳು. ಅವಳು ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಊರ ಮಂದಿ ಅಕ್ಕತಂಗೇರಿಗೆಲ್ಲಾ ತುಂಬೇನ್ರಿ. ನೀಲವ್ವಗ ತುಂಬಂದ್ರ ನನ್ನ ಕೈ ಏಳಂಗಿಲ್ಲ. ಆಕಿ ಬದುಕು ನೀವು ನೋಡಿಲ್ಲೇನು?"

"ನೋಡೇನಿ, ಅದಕ್ಕ ಮಾಡಾಕತ್ತೇನಿ. ಹೊಲಕ್ಕ ಆಕಿ ಹೆಸರು ಹತ್ತಿದ್ರ ನಾಳೆ ಆಕಿ ಗಂಡ ಮಾರಿ ಉಣ್ತಾನ. ಹಿರೇರ ಹೊಲ ಉಳೀಬೇಕೋ ಬ್ಯಾಡೋ? ವರ್ಷಾ ಎರಡು ಚೀಲ ಜ್ವಾಳಾ ಕಳಸೂನು, ಮುಗೀತು."

"ಅಂದ್ರ ನೀವು ಕೊಡಾವ್ರು, ಆಕಿ ಬೇಡಾಕಿ. ಹಂಗ ಮಾಡಾಕತ್ತೀರಿ."

"ಕಾನೂನು ನನಗ ಕಲಸಾಕ ಬರಬ್ಯಾಡ. ರೊಟ್ಟಿ ಹಾಕು."

ಅವ್ವ ರೊಟ್ಟಿ ಹಾಕಿದಳು. ಅವಳ ಸಿಟ್ಟು ಅಷ್ಟಕ್ಕೇ ಮುಗಿಯಿತು. ಎರಡು ದಿನ ಪಾತ್ರೆಗಳ ಸದ್ದು ಜೋರಾಗಿತ್ತು, ಸೋಮವಾರದ ಹೊತ್ತಿಗೆ ಅಕ್ಕಿ ಆರಿಸಿ ಮೊರದಲ್ಲಿಟ್ಟಿದ್ದಳು. ಅವ್ವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಕೈ ಏಳುವುದಿಲ್ಲ ಎಂದವಳು ಕೈ ಎತ್ತದೆ ಇರಬೇಕಾಗಿತ್ತು.

ಸೋಮವಾರ ನೀಲತ್ತೆ ಮೊದಲ ಬಸ್ಸಿಗೇ ಬಂದಳು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು, ನನಗೆಂದು ಬೆಲ್ಲದ ಶೇಂಗಾ ಉಂಡಿ ತಂದಿದ್ದಳು. ಅಪ್ಪ ಅವಳಿಗೆ ಹೇಳಿದ್ದು, ಹೊಲದ ಕಾಗದದಲ್ಲಿ ತೀರಿಕೊಂಡ ನಮ್ಮಪ್ಪನ ಹೆಸರು ತೆಗೆದು ನನ್ನ ಹೆಸರು ಹಚ್ಚಬೇಕು, ನಿನ್ನದೊಂದು ಹೆಬ್ಬೆಟ್ಟು ಬೇಕು, ಅಷ್ಟೇ. ಎಲ್ಲ ಹೆಂಗಸರು ಕೂತ ಅದೇ ಜಮಖಾನೆಯ ಮೇಲೆ ಅವಳೂ ಕೂತಳು. ನಾನು ನಿಂತು ಓದಿದೆ. ಒಂದು ಗೆರೆಯಲ್ಲಿ ನಿಧಾನ, ಎರಡು ಗೆರೆಯಲ್ಲಿ ಪಟಾಪಟಾ. ಅಂದಿನಷ್ಟು ಚೆನ್ನಾಗಿ ನಾನು ಎಂದೂ ಓದಿರಲಿಲ್ಲ. ಅವಳು ಬಾಯಿ ತೆರೆದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಓದು ಮುಗಿದ ಮೇಲೆ ಕೈ ತೊಳೆದು ಬರುತ್ತೇನೆ, ಖಾರದ ಕೈ, ಎಂದು ಹಿತ್ತಲಿಗೆ ಎದ್ದಳು. ತಂಬಿಗೆಯಿಂದ ನೀರು ಹಾಕಲು ನಾನು ಹಿಂದೆ ಹೋದೆ. ಅಲ್ಲಿ, ಬಚ್ಚಲಿನ ಕಲ್ಲಿನ ಹತ್ತಿರ, ಅವಳು ದನಿ ತಗ್ಗಿಸಿ ಕೇಳಿದಳು.

"ಸುಮವ್ವ, ಅದರಾಗ ಏನು ಬರದೈತಿ? ನನಗ ಅರ್ಧಾ ತಿಳೀಲಿಲ್ಲ. ಅಣ್ಣನ್ನ ಕೇಳಾಕ ನಾಚಿಕಿ ಬರ್ತೈತಿ."

"ಏನಿಲ್ಲ ಅತ್ತಿ. ಅಪ್ಪನ ಹೆಸರು ಹಚ್ಚೂದು ಅಷ್ಟ."

"ಹೊಲದಾಗ ನನ್ನ ಪಾಲು?"

"ಹೊಲ ನಿಂದೂ ಇರ್ತೈತಿ ಅತ್ತಿ."

ಹೀಗೆ ಹೇಳು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅಪ್ಪ ಕೂಡ ಕಲಿಸಿರಲಿಲ್ಲ. ಒಳಗೆ ಉಡಿಯ ತಟ್ಟೆ ತಯಾರಿತ್ತು, ಅಪ್ಪ ಗಡಿಯಾರ ನೋಡುತ್ತಿದ್ದರು, ಅವಳು ಬೇಡ ಎಂದುಬಿಟ್ಟರೆ ನನ್ನ ಓದು ಕೆಟ್ಟಂತಾಗುತ್ತಿತ್ತು. ಕುರ್ಚಿ ತಪ್ಪಿಹೋಗುತ್ತಿತ್ತು. ಅಷ್ಟಕ್ಕಾಗಿ ಹೇಳಿದೆ. ಅವಳು ನಿರಾಳವಾಗಿ ನಕ್ಕು, ಒದ್ದೆ ಮುಂಗೈಯಿಂದ ನನ್ನ ಕೆನ್ನೆ ಸವರಿ ಒಳಗೆ ನಡೆದಳು. ತೊಟ್ಟು ಬಿಡಿಸಿ ಬಿಡಿಸಿ ಅವಳ ಹೆಬ್ಬೆರಳು ಸವೆದು ಹೋಗಿತ್ತು. ಮೊದಲ ಸಲ ಒತ್ತಿದಾಗ ಬರೀ ಮಸಿ ಮೂಡಿತು. ಎರಡನೇ ಸಲವೂ ಗೆರೆ ಬರಲಿಲ್ಲ. ಮೂರನೇ ಸಲ ಅಪ್ಪ ಬೇಸರಪಟ್ಟುಕೊಂಡು, ಗಟ್ಟಿ ಒತ್ತವಾ, ಅಂದರು. ಅವಳು ತಪ್ಪು ಮಾಡಿದವಳ ಹಾಗೆ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಅವ್ವ ತಲೆ ಎತ್ತದೆ ಐದು ಬೊಗಸೆ ಅಕ್ಕಿ ಹಾಕಿದಳು. ನೀಲತ್ತೆ ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡು ಅಪ್ಪನ ಹಿಂದೆ ರಿಜಿಸ್ಟ್ರಿ ಕಚೇರಿಗೆ ಹೋದಳು. ನಾನು ಕುರ್ಚಿಯಲ್ಲಿ ಕೂತು ಶೇಂಗಾ ಉಂಡಿ ತಿಂದೆ.

ಜೋಳದ ಚೀಲಗಳು ಎರಡು ಸುಗ್ಗಿ ಹೋದವು, ಮೂರನೆಯದಕ್ಕೆ ನಿಂತವು. ನಾನು ಕಾನೂನು ಓದಿ, ಕರಿ ಕೋಟು ಹಾಕಿಕೊಂಡು ಅಪ್ಪನ ಕಚೇರಿಯಲ್ಲೇ ಕಿರಿಯ ವಕೀಲಳಾಗಿ ಕೂತ ವರ್ಷ ಅಪ್ಪ ಮೋಟೆಬೆನ್ನೂರಿನ ಹೊಲವನ್ನು ಹೆದ್ದಾರಿಯ ಪಕ್ಕದ ಢಾಬಾಕ್ಕೆಂದು ಮಾರಿದರು. ಹಿರಿಯರ ಹೊಲ ಉಳಿಯಬೇಕು ಎಂದಿದ್ದ ಅದೇ ಅಪ್ಪ. ಸುದ್ದಿ ಬ್ಯಾಡಗಿ ಮುಟ್ಟಿತು. ಒಂದು ಮುಂಜಾನೆ ನೀಲತ್ತೆ ಕಚೇರಿ ಖೋಲಿಗೆ ಬಂದು, ಜಮಖಾನೆಯ ಮೇಲೆ ಕೂರದೆ, ಕಕ್ಷಿದಾರರ ಬೆಂಚಿನ ಮೇಲೆ ಕೂತಳು. ನನ್ನ ಪಾಲಿನ ಮಾತೇನು ಎಂದು ಕೇಳಿದಳು. ಅಪ್ಪ ಕಪಾಟಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ, ನನ್ನ ಕಡೆ ನೋಡಿದಳು.

"ಸುಮವ್ವ, ಅವತ್ತು ನೀನ ಓದಿದ್ಯಲ್ಲ. ಇನ್ನೊಮ್ಮೆ ಓದು. ಸಾವಕಾಶ ಓದು."

ಓದಿದೆ. ಎರಡು ಗೆರೆಯ ಸಾಲುಗಳನ್ನು ಜೀವನದಲ್ಲಿ ಮೊದಲ ಸಲ ನಿಧಾನವಾಗಿ ಓದಿದೆ. ಪೆನ್ಸಿಲಿನ ಗೆರೆ ಇನ್ನೂ ಅಳಿಸಿರಲಿಲ್ಲ.

"ಅಂದ್ರ ಹೊಲ ನಂದಲ್ಲ ಅಂತ ಅವತ್ತನ ಇದರಾಗ ಇತ್ತು?"

"ಇತ್ತು ಅತ್ತಿ."

"ಎಲ್ಲಾ ಓದಿ ಹೇಳೇವಿ ನೀಲವ್ವ," ಎಂದರು ಅಪ್ಪ. "ಮ್ಯಾಲ ಉಡೀನೂ ತುಂಬೇವಿ. ಇನ್ನೇನು ಮಾಡಬೇಕಿತ್ತು?"

ಆ ಮಾತು ಕೇಳಿ ನಾನು ಅಂದೇ ಕಚೇರಿ ಬಿಟ್ಟು ಎದ್ದೆ, ಮನೆ ಮಾತ್ರ ಬಿಡಲಿಲ್ಲ. ನೀಲತ್ತೆ ಬ್ಯಾಡಗಿಯ ಒಬ್ಬ ವಯಸ್ಸಾದ ವಕೀಲರನ್ನು ಹಿಡಿದು ಹಾವೇರಿ ಕೋರ್ಟಿನಲ್ಲಿ ದಾವೆ ಹಾಕಿದಳು. ಅಪ್ಪನ ಕೈಯಲ್ಲಿ ಆದ ಪತ್ರ ಮೊದಲ ಸಲ ತಿರುಗಿ ಬಂದಿತ್ತು, ಅದೂ ತಂಗಿಯ ಕೈಯಿಂದ. ಅವಳ ಪರವಾಗಿ ಸಾಕ್ಷಿ ಹೇಳುತ್ತೇನೆ ಎಂದು ನಾನೇ ಆ ವಕೀಲರ ಮನೆಗೆ ಹೋಗಿ ಹೇಳಿ ಬಂದೆ. ಓದುವ ರೀತಿಯನ್ನು ಅಪ್ಪ ಹೇಗೆ ಕಲಿಸಿದರು, ಗೆರೆ ಎಳೆದದ್ದು ಯಾಕೆ, ಎಲ್ಲ ಹೇಳಿದೆ. ಹಿತ್ತಲಿನ ಮಾತೊಂದನ್ನು ಬಿಟ್ಟೆ. ಮಗಳೇ ಅಪ್ಪನ ವಿರುದ್ಧ ನಿಲ್ಲುತ್ತಾಳಂತೆ ಎಂದು ಬಾರ್ ರೂಮಿನಲ್ಲೆಲ್ಲ ಗುಲ್ಲೆದ್ದಿತ್ತು. ನನ್ನ ಧೈರ್ಯವನ್ನು ಕೆಲವರು ಹೊಗಳಿದರು, ನಾನು ಉಬ್ಬಿದೆ. ಸಾಕ್ಷಿಯ ದಿನ ಬೆಳಿಗ್ಗೆ ಅಪ್ಪ ದೇವರ ಮನೆಯಿಂದ ವಿಭೂತಿ ಹಚ್ಚಿಕೊಂಡು ಬಂದು, ಅಂಜಬ್ಯಾಡ, ಖರೇ ಇದ್ದಷ್ಟು ಹೇಳು, ಅಂದರು. ಅವರು ತಮ್ಮ ವಕೀಲರಿಗೆ ಪ್ರಶ್ನೆಗಳನ್ನು ಆಗಲೇ ಬರೆದುಕೊಟ್ಟಿದ್ದರು. ಕೋರ್ಟಿನಲ್ಲಿ ನಾನು ಗೆರೆಯ ಮಾತೆಲ್ಲ ಹೇಳಿದ ಮೇಲೆ ಆ ವಕೀಲರು ಪಾಟೀಸವಾಲಿಗೆ ಎದ್ದರು.

"ಪತ್ರದಾಗಿನ ಒಂದಕ್ಷರ ಬಿಟ್ಟು ಓದೀರೇನು?"

"ಇಲ್ಲ."

"ಕೂಡಿಸಿ ಓದೀರೇನು?"

"ಇಲ್ಲ."

"ಓದಾಕತ್ತಾಗ ವಾದಿ ನಿಮ್ಮನ್ನ ತಡದು, ತಿಳೀಲಿಲ್ಲ ಅಂದ್ರೇನು?"

"ಓದುವಾಗ ತಡೆಯಲಿಲ್ಲ."

"ಹೆಬ್ಬೆಟ್ಟು ಯಾರರ ಕೈ ಹಿಡದು ಒತ್ತಿಸಿದ್ರೋ, ತಾವಾಗಿ ಒತ್ತಿದ್ರೋ?"

"ತಾವಾಗಿ ಒತ್ತಿದರು."

ನಾಲ್ಕೂ ನಿಜ. ನಾಲ್ಕರಿಂದಲೇ ದಾವೆಯ ಸೊಂಟ ಮುರಿಯಿತು. ನ್ಯಾಯಾಧೀಶರು ನನ್ನ ಕರಿ ಕೋಟು ನೋಡಿ, ಪಾಪ ಎಂದುಕೊಂಡರೋ ಏನೋ, ಇನ್ನೇನಾದರೂ ಹೇಳುವುದಿದೆಯೇ ಎಂದು ತಾವಾಗಿ ಕೇಳಿದರು. ಅತ್ತೆ ಹಿತ್ತಲಿನಲ್ಲಿ ನನ್ನನ್ನು ಕೇಳಿದಳು, ನಾನು ಸುಳ್ಳು ಹೇಳಿದೆ, ಅದನ್ನು ನಂಬಿ ಹೆಬ್ಬೆಟ್ಟು ಒತ್ತಿದಳು. ಇಷ್ಟು ಹೇಳಿದ್ದರೆ ಆಗುತ್ತಿತ್ತು. ನೀಲತ್ತೆ ಹಿಂದಿನ ಬೆಂಚಿನಲ್ಲಿ ಮುಂದೆ ಬಾಗಿ ಕೂತಿದ್ದಳು. ಕೋರ್ಟು ತುಂಬ ನನ್ನ ಜೊತೆಯ ವಕೀಲರಿದ್ದರು. ಇಲ್ಲ ಎಂದೆ.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಮೊಸರು ಕಲಸುತ್ತ, ಸಾಕ್ಷಿ ಛಲೋ ಹೇಳಿದಿ, ಕೇಳಿದ್ದಕ್ಕಷ್ಟ ಹೇಳಿದಿ, ನನ್ನ ಮಗಳು, ಅಂದರು. ವ್ಯಂಗ್ಯವಲ್ಲ, ನಿಜವಾದ ಹೆಮ್ಮೆ. ತಾಟು ಅಲ್ಲೇ ಬಿಟ್ಟು ಎದ್ದೆ. ವಾರದೊಳಗೆ ಹಾವೇರಿಯಲ್ಲಿ ಖೋಲಿ ಹಿಡಿದೆ, ಆ ಮನೆಯಲ್ಲಿ ಮತ್ತೆ ಊಟ ಮಾಡಲಿಲ್ಲ. ಜನ ನನ್ನನ್ನು ಛಲಗಾತಿ ಅಂದರು. ಛಲವಲ್ಲ, ಅಪ್ಪ ಹೊಗಳಿದ್ದು ಯಾವುದನ್ನು ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅಪ್ಪನ ಮೇಲೆ ಸಿಟ್ಟಾಗಿ ನಿಂತರೆ ನಾನು ಶುದ್ಧಳಾಗಿ ಕಾಣುತ್ತಿದ್ದೆ, ಅದಕ್ಕೇ ನನ್ನ ಪಾಲಿನ ತಪ್ಪನ್ನು ಒಳಗಿಟ್ಟುಕೊಂಡು ಅವರ ಪಾಲಿನದನ್ನು ಊರಿಗೆಲ್ಲ ಸಾರಿದ್ದೆ.

ದಾವೆ ವಜಾ ಆದ ದಿನ ನೀಲತ್ತೆಯನ್ನು ಬಸ್ ನಿಲ್ದಾಣದವರೆಗೆ ಕರೆದುಕೊಂಡು ಹೋದೆ. ಮೇಲ್ಮನವಿ ಹಾಕೋಣ, ನಾನೇ ಓಡಾಡುತ್ತೇನೆ ಎಂದು ದಾರಿಯುದ್ದಕ್ಕೂ ಬಡಬಡಿಸಿದೆ. ಅವಳು ಕೇಳುತ್ತಿದ್ದಳೋ ಇಲ್ಲವೋ. ಬ್ಯಾಡಗಿಯ ಬಸ್ಸು ಬಂದು ನಿಂತಾಗ ಹೇಳಿದಳು.

"ಹಿತ್ತಲದಾಗಿನ ಮಾತು ಹೇಳ್ತಿ ಅಂತ ಮಾಡಿದ್ದೆ."

"ನೀನ ಯಾಕ ಹೇಳಲಿಲ್ಲ ಅತ್ತಿ? ನಿನ್ನ ಸಾಕ್ಷಿ ಆದಾಗ ಹೇಳಬೇಕಿತ್ತು."

"ಒಂಬತ್ತು ವರ್ಷದ ಕೂಸಿನ ಮ್ಯಾಲ ಹಾಕೂದೇನು ತಂಗಿ? ಕೋರ್ಟಿನಾಗ ನಾಕು ಮಂದಿ ಮುಂದ? ಈಗ ದೊಡ್ಡಾಕಿ ಆಗೀದಿ, ನೀನ ಹೇಳ್ತಿ ಅಂತ ಬಿಟ್ಟಿದ್ದೆ."

ಅಷ್ಟು ಹೇಳಿ, ಎಂದಿನಂತೆ ಮುಂಗೈಯಿಂದ ನನ್ನ ಕೆನ್ನೆ ಮುಟ್ಟಿ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಅವಳು ಶೆಡ್ಡಿಗೆ ಹೋಗಬೇಕಿತ್ತು. ಮೇಲ್ಮನವಿಗೆ ಅವಳು ಹೆಬ್ಬೆಟ್ಟು ಒತ್ತಲೇ ಇಲ್ಲ.

ನನ್ನ ಕಚೇರಿಗೆ ಹೆಬ್ಬೆಟ್ಟು ಒತ್ತಲು ಬಂದ ಯಾವ ಹೆಣ್ಣುಮಗಳಿಗೂ ನಾನು ಪತ್ರ ಓದಿ ಹೇಳಿ ಮುಗಿಸುವುದಿಲ್ಲ. ಅದರಲ್ಲಿ ಏನಿದೆ ಎಂದು ಅವಳೇ ತನ್ನ ಮಾತಿನಲ್ಲಿ ನನಗೆ ತಿರುಗಿ ಹೇಳಬೇಕು, ಹೇಳಲು ಬರುವವರೆಗೆ ಮಸಿ ಡಬ್ಬಿ ತೆರೆಯುವುದಿಲ್ಲ. ಅಣ್ಣತಮ್ಮಂದಿರು ಹೊರಗೆ ಕಟ್ಟೆಯ ಮೇಲೆ ಕೂತು ಬೈದುಕೊಳ್ಳುತ್ತಾರೆ. ಇದನ್ನು ನನ್ನ ದೊಡ್ಡತನ ಎಂದು ಬರೆದವರಿದ್ದಾರೆ, ಸನ್ಮಾನ ಮಾಡಿ ಶಾಲು ಹೊದಿಸಿದವರೂ ಇದ್ದಾರೆ. ಪ್ರಮಾಣ ಮಾಡಿ ನಿಂತ ಜಾಗದಲ್ಲಿ ಹೇಳದ ಮಾತನ್ನು ಈಗ ಇಲ್ಲಿ ಹೇಳಿದ್ದೇನೆ. ಇದರಿಂದ ನೀಲತ್ತೆಗೆ ಒಂದು ಗುಂಟೆಯೂ ಬರುವುದಿಲ್ಲ.